ಹಗ್ಗದ ಆಚೆ ಒಂದು ಗೇಣು

ಗೂಗೆಕಲ್ಲು ಬೆಟ್ಟ, ಬಡಗಣ ಓರೆ, ಏಳನೇ ಚೌಕ.
ಇಪ್ಪತ್ತು ಮೀಟರು ಉದ್ದ, ಅಷ್ಟೇ ಅಗಲ.
ನಾಲ್ಕು ಮೂಲೆಗೆ ಗೂಟ ಬಡಿದು ನೈಲಾನ್ ಹಗ್ಗ ಎಳೆದವನು ನಾನು,
ಸಸ್ಯಶಾಸ್ತ್ರದ ಲ್ಯಾಬಿನ ಅಟೆಂಡರು, ಪುಟ್ಟಾಚಾರಿ.
ಟೇಪು ನನ್ನದು,
ಪೆನ್ಸಿಲು ಮುಬೀನಾ ಮೇಡಂದು.

ಮರವನ್ನ ಎದೆಮಟ್ಟದಲ್ಲಿ ಅಳೀಬೇಕು, ಅದು ನಿಯಮ.
ಯಾರ ಎದೆ ಅಂತ ಮೊದಲ ವರ್ಷ ಕೇಳಿದ್ದೆ.
ನಕ್ಕು, ಒಂದು ಮೀಟರು ಮೂವತ್ತೇಳು ಅಂದರು.
ನನ್ನ ಅಂಗಿಯ ಎರಡನೇ ಗುಂಡಿಗೆ ಸರಿಹೋಯ್ತು.
ಹನ್ನೊಂದು ವರ್ಷದ ಮೇಲೆ ಅದು ಮೊದಲ ಗುಂಡಿಗೆ ಬಂದಿದೆ.
ಗುರುತು ಏರಿಲ್ಲ,
ನನ್ನ ಬೆನ್ನು ಇಳಿದಿದೆ.

ಟೇಪನ್ನ ಹಿಂದಿನಿಂದ ಸುತ್ತಿ ಮುಂದಕ್ಕೆ ತರೋದಕ್ಕೆ
ತಬ್ಬದೆ ದಾರಿಯಿಲ್ಲ.
ಜಾಲಾರಿಯ ತೊಗಟೆ ಕೆನ್ನೆಗೆ ಒರಟು,
ದಿಂಡಿಗದ್ದು ನುಣುಪು, ಬೂದಿ ಬಳಿದ ಹಾಗೆ ತಣ್ಣಗೆ.
ಕಗ್ಗಲಿಯ ಮಾತು ಬಿಡಿ,
ಅದು ಹಿಡಿದರೆ ಅಂಗಿ ಬಿಡೋದಿಲ್ಲ.

ಜಾಲಾರಿ, ನೂರಾ ನಾಲ್ಕು.
ದಿಂಡಿಗ, ಅರವತ್ತೊಂದು, ಐವತ್ತೆಂಟು, ನಲವತ್ತು.
ಮೂರು ಮರವಾ?
ಒಂದೇ ಬುಡ ಮೇಡಂ, ಮೂರು ಕಾಂಡ.
ಅದಕ್ಕೂ ಒಂದು ಕಾಲಂ ಇದೆ: ಕಡಿದ ಮೇಲೆ ಚಿಗುರಿದ್ದು.

ಕಡಿದವರು ಯಾರೆಂದು ಕಾಲಂ ಕೇಳೋದಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ.
ನಾಗಮಂಗಲದ ನಮ್ಮ ಕುಲುಮೆಯಲ್ಲಿ ತಾತ ಹಿತ್ತಾಳೆ ಕರಗಿಸುತ್ತಿದ್ದ,
ಗಂಟೆ, ದೀಪದ ಕಂಬ, ಬಾಗಿಲ ಚಿಲಕ, ಒಮ್ಮೆ ಒಂದು ಕುದುರೆಯ ಮುಖ.
ಕತ್ತೆಯ ಬೆನ್ನಿಗೆ ಗೋಣಿ ಹೇರಿ
ಇದ್ದಲು ಬರುತ್ತಿದ್ದದ್ದು ಈ ಓರೆಯಿಂದಲೇ.
'ಕಗ್ಗಲಿ ಇದ್ಲು ಬಾಯ್ಬಡಕ ಕಣ್ಲಾ,
ದಿಂಡಿಗದ್ದು ಮಾತಾಡಲ್ಲ, ಸುಮ್ನೆ ಉರೀತದೆ.'

ಬುತ್ತಿ ಬಿಚ್ಚಿದ್ದು ಆ ಮೂರು ಕಾಂಡದ ಬುಡದಲ್ಲೇ.
ಕೊಡಲಿ ಬಿದ್ದ ಜಾಗ
ಮಾಗಿದ ಗಾಯದ ಹಾಗೆ ತುಟಿಗಟ್ಟಿ ಉಬ್ಬಿತ್ತು.
ಬೆರಳಾಡಿಸಿದೆ.
ಉಪ್ಪಿನಕಾಯಿ ಹಾಕಲಾ ಅಂದರು ಮೇಡಂ.

ಊಟದ ಮೇಲೆ ಮರಿಗಳ ಲೆಕ್ಕ.
ಲಂಟಾನದ ಒಳಗೆ ಮಂಡಿಯೂರಿ, ಕೈಗೆ ಗೋಣಿ ಸುತ್ತಿ.
ಬೇಸಿಗೆಯಲ್ಲಿ ಜಾಲಾರಿ ರೆಕ್ಕೆಬೀಜ ಹಾರಿಸಿತ್ತು,
ಗಿರಗಿರ ಗಿರಗಿರ ಓರೆಯ ತುಂಬಾ.
ಮೊಳೆತವೂ ಉಂಟು, ಕಿರುಬೆರಳಷ್ಟು.
ಆಮೇಲೆ ಹುಲ್ಲಿಗೆ ಬೆಂಕಿ ಬೀಳುತ್ತೆ,
ಬೆಂಕಿ ಬಿಟ್ಟದ್ದಕ್ಕೆ ಆಡು ಬಾಯಿ ಹಾಕುತ್ತೆ.
ಅಜ್ಜಂದಿರಿದ್ದಾರೆ, ತೊಟ್ಟಿಲ ಕೂಸುಗಳಿವೆ,
ಶಾಲೆಗೆ ಹೋಗೋ ವಯಸ್ಸೇ ಇಲ್ಲ ಈ ಕಾಡಿಗೆ, ಅಂತಾರೆ ಮೇಡಂ.
ಮಂಡಿಗಿಂತ ಎತ್ತರ, ಎದೆಗಿಂತ ಗಿಡ್ಡ,
ಆ ಮನೆಯಲ್ಲಿ ಪ್ರತಿವರ್ಷ ಸೊನ್ನೆ.

ಇವತ್ತು ಕಂಡಿತು.
ಕಾರೆಮುಳ್ಳಿನ ಪೊದೆಯ ನಡುವೆ ನೆಟ್ಟಗೆ,
ಸೊಂಟದೆತ್ತರದ ಜಾಲಾರಿ.
ಯಾವ ಆಡೂ ಮೂತಿ ತೂರಿಸಲಾರದ ಮುಳ್ಳು.
ಕೂಗಬೇಕು ಅನ್ನೋವಾಗ ಕಾಲಿಗೆ ಹಗ್ಗ ತಗುಲಿತು.
ಗಿಡ ಹಗ್ಗದ ಆಚೆ.
ಒಂದು ಗೇಣು. ಕೈ ಅಗಲಿಸಿ ನೋಡಿದೆ, ಒಂದೇ ಗೇಣು.

ಗೂಟ ನಾನೇ ಬಡಿದದ್ದು.
ಅಲುಗಿಸಿದರೆ ಸಡಿಲ, ಸರಿಸಿದರೆ ಸಾಕು.
ಮೇಡಂ ನೀರಿನ ಬಾಟಲಿ ಎತ್ತಿ ಆ ಕಡೆ ತಿರುಗಿದ್ದರು,
ತೆಂಕಣ ಓರೆಯತ್ತ, ಬರೀ ಬಂಡೆ, ಬಾದೆಹುಲ್ಲು, ಬಿಸಿಲು.
ತಾತನ ಬಾಕಿಯಲ್ಲಿ ಒಂದು ಗಿಡದಷ್ಟು
ತೀರಿದ ಹಾಗಾಗುತ್ತಿತ್ತು.
ಕೈ ಗೂಟದ ಮೇಲೇ ಇತ್ತು,
ಎಷ್ಟು ಹೊತ್ತೋ.

ಆಚಾರೀ, ಏಳನೇ ಚೌಕ, ಮರಿ?
ಸೊನ್ನೆ ಮೇಡಂ.

ಪೆನ್ಸಿಲು ಒಂದು ಸುತ್ತು ಸುತ್ತಿ ನಿಂತ ಸದ್ದು.

ಹಗ್ಗ ಸುರುಳಿ ಮಾಡಿ ಹೆಗಲಿಗೆ ಹಾಕಿ ಇಳಿಯುತ್ತಿದ್ದೆವು.
ಕೆಳಗೆ ಕಾಲುವೆ ಬೆಳ್ಳಗೆ, ಬಸ್ಸಿಗಿನ್ನೂ ಹೊತ್ತಿತ್ತು.
ಜಾರುಗಲ್ಲಿನ ಹತ್ತಿರ ಮೇಡಂ,
ತಿರುಗದೆ, ಚಪ್ಪಲಿಯ ಮುಳ್ಳು ಕೀಳುತ್ತಾ,
ಹೋದ ವರ್ಷ ಅದು ಮಂಡಿಯಷ್ಟಿತ್ತು ಅಲ್ವಾ? ಅಂದರು.

ಈಗ ಅಂಗಿಯ ಕಡೇ ಗುಂಡಿಗೆ ಬಂದಿದೆ, ಅಂದೆ.